ಫಿಟ್ ಆದ ಮೇಲೆ

(ಮೈಸೂರಿನ ಒಂದು ಗರಡಿ ಮನೆ. ಹೊಸ್ತಿಲಾಚೆ, ಶೂ ಬಿಚ್ಚದೆ ನಿಂತ ರಾಯರು, ವಯಸ್ಸು 43.)

ಉಸ್ತಾದ್: ಒಳಗೆ ಬನ್ನಿ ಸ್ವಾಮಿ.

ರಾಯರು: ಈಗಲ್ಲ ಉಸ್ತಾದರೇ. ಮೊದಲು ಫಿಟ್ ಆಗ್ತೀನಿ, ಆಮೇಲೆ ಕುಸ್ತಿ.

ಉಸ್ತಾದ್: ಹೋದ ದಸರಾದಲ್ಲೂ ಹಿಂಗೇ ಅಂದ್ರಿ.

ರಾಯರು: ಆಗ ಈ ವಾಚ್ ಇರಲಿಲ್ಲ. ಇದು ಹೆಜ್ಜೆ ಎಣಿಸುತ್ತೆ, ನಿದ್ದೆ ಅಳೆಯುತ್ತೆ. ಪ್ರೋಟೀನ್ ಡಬ್ಬಿಯೂ ತಂದಾಯ್ತು.

ಉಸ್ತಾದ್: ಎಷ್ಟು ಖಾಲಿಯಾಯ್ತು?

ರಾಯರು: ಸೀಲ್ ಒಡೆದಿಲ್ಲ. ಎಕ್ಸ್‌ಪೈರಿಗೆ ಇನ್ನೂ ಟೈಮಿದೆ.

ಉಸ್ತಾದ್: ಮೊದಲ ದಿನವೇ ಯಾರೂ ನಿಮ್ಮನ್ನ ಎತ್ತಿ ಒಗೆಯಲ್ಲ. ಬಿ.ಪಿ. ಗಿ.ಪಿ. ಇದ್ರೆ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ಇಲ್ಲಿ ಕೈಲಾದಷ್ಟು ದಂಡ, ಬಸ್ಕಿ. ಆಮೇಲೆ ಗುದ್ದಲಿ ಹಿಡಿದು ಮಟ್ಟಿ ಅಗೆಯೋದು. ಬಿದ್ದವನಿಗೆ ಮಣ್ಣು ಮೆತ್ತಗಿರುತ್ತೆ, ಅಗೆದವನಿಗೆ ದಮ್ಮು ಬರುತ್ತೆ.

ರಾಯರು: ಅಗೆಯೋಕೂ ಫಿಟ್ನೆಸ್ ಬೇಕಲ್ಲ!

(ನ್ಯಾಯವಾದ ಮಾತು. ಈಜು ಕಲಿತ ಮೇಲೆಯೇ ನೀರಿಗಿಳಿಯುವ ಪಂಗಡ ನಮ್ಮಲ್ಲಿ ದೊಡ್ಡದು.)

ಉಸ್ತಾದ್: ಹೆದರಬೇಡಿ ಸ್ವಾಮಿ. ಮಣ್ಣಿಗೆ ಅರಿಶಿನ, ಎಣ್ಣೆ ಎಲ್ಲ ಹಾಕಿ ಹದ ಮಾಡಿದೀವಿ.

ರಾಯರು: ಎಣ್ಣೆಯೇ? ಅಯ್ಯೋ, ನಾನು ಡಯಟ್‌ನಲ್ಲಿದ್ದೀನಿ!