ಎಡಕ್ಕೊಲಿದ ವಾಹನ

ಬೀದರ ಜಿಲ್ಲೆಯ ಡಾಬಕಾದ ಕರಿಮಣ್ಣಿನ ಸೀಮೆಯಲ್ಲಿ ನನ್ನ ವೃದ್ಧ ಅಂಬಾಸಿಡರ್ ಕಾರು, ಹಸಿದ ಎತ್ತಿನಂತೆ, ಎಡಬದಿಯ ತೊಗರಿಹೊಲದತ್ತಲೇ ಮೋರೆ ತಿರುಗಿಸಲಾರಂಭಿಸಲಾಗಿ, ಅದರ ಚಕ್ರಗಳನ್ನು ಸನ್ಮಾರ್ಗಕ್ಕೆ ತರಬಲ್ಲ ಪರಿಣತನನ್ನು ಅರಸುತ್ತ ಭಾಲ್ಕಿ, ಬೀದರಗಳ ಪರ್ಯಟನೆ ನನಗೆ ಅನಿವಾರ್ಯವಾಯಿತು. ಭಾಲ್ಕಿಯ ಗ್ಯಾರೇಜಿನವರು ದೋಷವನ್ನು ಟಯರಿನ ಮೇಲೆ ಹೊರಿಸಿದರು. ಟಯರಿನವರು ರಸ್ತೆಯ ಮೇಲೆ. ಬೀದರಿನ ವೀಲ್ ಅಲೈನ್‌ಮೆಂಟ್ ಅಂಗಡಿಯೊಂದರ ಗಣಕಯಂತ್ರದಲ್ಲಿ ಸಕಲ ವಾಹನಗಳ ವಂಶಾವಳಿಯಿದ್ದರೂ, 2014ರಲ್ಲಿ ತಯಾರಿಕೆಯೇ ನಿಂತುಹೋದ ಈ ಮಾರಿಸ್ ಆಕ್ಸ್‌ಫರ್ಡ್ ಸಂತತಿಯ ಹೆಸರು ಮಾತ್ರ ಇರಲಿಲ್ಲ. "ಸಾಹೇಬ್ರ, ಸ್ವಿಫ್ಟ್ ಅಂತ ತಿಳ್ಕೊಂಡು ಮಾಡ್ಲೇನ್ರಿ?" ಎಂದ ಹುಡುಗ. ಈ ಬಡ್ತಿಯಿಂದ ಕಾರಿಗೆ ತಲೆ ತಿರುಗಿರಬೇಕು. ಅಂಗಡಿಯಿಂದ ಹೊರಬಿದ್ದೊಡನೆ ಬಲಕ್ಕೆಳೆಯತೊಡಗಿತು.

ಕಡೆಗೆ ಔರಾದಿನ ವಯೋವೃದ್ಧ ಮಿಸ್ತ್ರಿಯೊಬ್ಬರು ಮುಂದಿನ ಟಯರುಗಳ ಮೇಲೆ ಸೀಮೆಸುಣ್ಣದ ಗೆರೆಯೆಳೆದು, ಅವುಗಳ ನಡುವಣ ಅಂತರವು ಹಿಂಬದಿಗಿಂತ ಮುಂಬದಿಯಲ್ಲಿ ಒಂದೆರಡು ಮಿಲಿಮೀಟರಿನಷ್ಟು ಕಡಿಮೆಯಾಗುವವರೆಗೆ, ಟೇಪು ಹಿಡಿದು ಅಳೆದಳೆದು, ಟೈ ರಾಡನ್ನು ತಿರುವಿದರು. ಈಗ ಕಾರು ನೆಟ್ಟಗೆ ಓಡುತ್ತದೆ. ಸ್ಟೇರಿಂಗು ಮಾತ್ರ ಸೊಟ್ಟಗೆ ಕುಳಿತಿದೆ. ವಿನಯಪೂರ್ವಕವಾಗಿ ನಿವೇದಿಸಿಕೊಂಡೆ. "ರೋಡ್ ನೋಡ್ರಿ ಸಾಹೇಬ್ರ, ಅದನ್ಯಾಕ ನೋಡ್ತೀರಿ?" ಎಂದರು.