ಸೀಪ್ಲೇನ್ ಮುಗ್ಗರಿಕೆಯ ಭೇದೋಪಭೇದಗಳು

ಸರೋವರದಿಂದ ಮೇಲೇಳಲು ಹೊರಟು ನೀರಿಗೇ ಬೀಳುವ ಪುಟ್ಟ ವಿಮಾನಗಳ ಬಗ್ಗೆ ನಮ್ಮ ಶಾಸ್ತ್ರಕಾರರು ತುಟಿ ಬಿಚ್ಚದಿರುವುದು ಶೋಚನೀಯ. 1910ರ ಮಾರ್ಚ್ 28ರಂದು ಫ್ರಾನ್ಸಿನ ಆನ್ರಿ ಫಾಬ್ರ್ ನೀರಿನಿಂದ ಮೊದಲ ಸಲ ಎದ್ದು ಹಾರಿದಂದೇ ಈ ಶಾಸ್ತ್ರಕ್ಕೆ ಅಡಿಪಾಯ ಬಿತ್ತು. ಏಳುವವರು ಹುಟ್ಟಿದ ಮೇಲೆ ಬೀಳುವವರೂ ಹುಟ್ಟಲೇಬೇಕಷ್ಟೆ.

ಮೊದಲು ಲಕ್ಷಣ. ಎಂಜಿನ್ ಜೋರು ಮಾಡಿದೊಡನೆ ಸೀಪ್ಲೇನಿನ ಮೂಗು ಮೇಲೆದ್ದು, ಪೈಲಟ್‌ಗೆ ಮುಂದಿನ ನೀರೇ ಕಾಣದಾಗುತ್ತದೆ. ವೇಗ ಏರಿದಂತೆ ಮೂಗು ಇಳಿದು, ಚಕ್ರಗಳ ಜಾಗದಲ್ಲಿರುವ ದೋಣಿಯಂಥ ಫ್ಲೋಟುಗಳು ನೀರಿನ ಮೇಲೆ ಜಾರತೊಡಗುತ್ತವೆ. ಫ್ಲೋಟಿನ ತಳದ ನಡುವೆ ಮೆಟ್ಟಿಲಿನಂಥ ಒಂದು ಕಡಿತವಿದೆ. ಅಂಟಿಕೊಂಡ ನೀರನ್ನು ಬಿಡಿಸುವುದು ಅದರ ಕೆಲಸ. ನಮ್ಮ ವರ್ಗಗಳೆಲ್ಲ ಹುಟ್ಟುವುದು ಈ ಮೆಟ್ಟಿಲಿನ ಆಸುಪಾಸಿನಲ್ಲೇ.

ಪ್ರಥಮ ವರ್ಗ, ಅನುತ್ಥಾನ: ಸರೋವರ ಮುಗಿದರೂ ವಿಮಾನ ಏಳದಿರುವುದು. ಕಾರಣಗಳು ಹೆಚ್ಚಿನ ಭಾರ, ಸೆಖೆ, ಎತ್ತರದ ಸರೋವರದ ತೆಳು ಗಾಳಿ. ಗುಪ್ತಕಾರಣವೊಂದುಂಟು: ಫ್ಲೋಟಿನೊಳಗೆ ಸೋರಿ ನಿಂತ ನೀರು. ಬಲ್ಲ ಪೈಲಟ್ ಹೊರಡುವ ಮುನ್ನ ಫ್ಲೋಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ರಂಧ್ರಕ್ಕೆ ಬಿರಡೆಯಾಗಿ ತುರುಕಿದ ರಬ್ಬರ್ ಚೆಂಡನ್ನು ಕಿತ್ತು, ಕೈಪಂಪಿನಿಂದ ಒಂದೊಂದೇ ಖಾನೆಯ ನೀರು ಎಳೆಯುತ್ತಾನೆ. ಅವಸರದವನು ಆ ನೀರನ್ನೂ ಟಿಕೆಟ್ಟಿಲ್ಲದ ಪ್ರಯಾಣಿಕನಾಗಿ ಒಯ್ಯುತ್ತಾನೆ.

ಇದರ ಉಪಭೇದ, ನಿಶ್ಚಲಜಲ. ಕನ್ನಡಿಯಂಥ ಸರೋವರ ಫೋಟೋಗ್ರಾಫರನಿಗೆ ಪ್ರಿಯ, ಫ್ಲೋಟಿಗೆ ಶತ್ರು. ಅಲೆಯಿಲ್ಲದ ನೀರು ತಳವನ್ನು ಬಿಡುವುದಿಲ್ಲ. ಹಾಗಾಗಿ ಪೈಲಟ್ ಒಂದು ಸುತ್ತು ಹೊಡೆದು ತಾನೇ ಅಲೆ ಎಬ್ಬಿಸುತ್ತಾನೆ, ಇಲ್ಲವೇ ರೆಕ್ಕೆ ಓರೆ ಮಾಡಿ ಒಂದು ಫ್ಲೋಟನ್ನು ಮೊದಲು ಕೀಳುತ್ತಾನೆ.

ದ್ವಿತೀಯ ವರ್ಗ, ಕುಪ್ಪಳಿಕೆ. ಮೂಗು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರು. ಮದ್ದು ಒಂದೇ: ಎಂಜಿನ್ ಇಳಿಸಿ, ನಿಯಂತ್ರಣ ಕೋಲು ಹಿಂದಕ್ಕೆಳೆದು, ಮಾನ ಬಿಟ್ಟು ದಡಕ್ಕೆ ಮರಳುವುದು.

ತೃತೀಯ ವರ್ಗ, ಎದ್ದು ಬಿದ್ದದ್ದು. ಇದರ ಮೂಲಪುರುಷ ಇಟಲಿಯ ಕಪ್ರೋನಿ ಸಿಎ 60: ಒಂಬತ್ತು ರೆಕ್ಕೆ, ಎಂಟು ಎಂಜಿನ್, 100 ಪ್ರಯಾಣಿಕರಿಗೆ ಜಾಗ. 1921ರ ಮಾರ್ಚ್ 4ರಂದು ಮಜ್ಜೋರೆ ಸರೋವರದಿಂದ ಎದ್ದು, ಮೂಗು ಬಗ್ಗಿಸಿ, ನೀರಿಗೆ ಬಿದ್ದು ಮುರಿಯಿತು. ಪೈಲಟ್ ಬದುಕಿಕೊಂಡ. ಪ್ರಯಾಣಿಕರ ಬದಲಿಗೆ ಹೇರಿದ್ದ ಮರಳಿನ ಮೂಟೆಗಳು ಜಾರಿದವು ಎನ್ನುವವರುಂಟು. ಪುಟ್ಟ ವಿಮಾನಗಳ ಶಾಸ್ತ್ರದಲ್ಲಿ ಈ ದೈತ್ಯನೇಕೆ ಎಂಬುದು ಪೂರ್ವಪಕ್ಷ. ಹಾರಿದ ಎತ್ತರ ಪುಟ್ಟದು ಎಂಬುದು ಸಿದ್ಧಾಂತ.

ಚತುರ್ಥ ವರ್ಗ, ತಲೆಕೆಳಗು. ಇಲ್ಲಿ ಪಾಂಡಿತ್ಯದ ಪೇಟ ತೆಗೆದಿಡುತ್ತೇನೆ. ಮಗುಚಿದ ಸೀಪ್ಲೇನಿನ ಫ್ಲೋಟುಗಳು ಮೇಲೆ ತೇಲುತ್ತವೆ; ಜನ ನೀರೊಳಗೆ ಬೆಲ್ಟಿನಲ್ಲಿ ನೇತಾಡುತ್ತಾರೆ. 2009ರ ನವೆಂಬರ್ 29ರಂದು ಕೆನಡಾದ ಸಟರ್ನಾ ದ್ವೀಪದ ಬಳಿ ಒಂದು ಬೀವರ್ ವಿಮಾನ ಟೇಕಾಫ್ ಆದೊಡನೆ ಬಿದ್ದು, ಎಂಟು ಜನರಲ್ಲಿ ಆರು ಮಂದಿ ಸತ್ತರು. ಅದು ಸರೋವರವಲ್ಲ, ಕಡಲು, ಆದರೂ ಸೇರಿಸಿದ್ದೇನೆ. ಬೇಗ ತೆರೆಯುವ ತುರ್ತು ನಿರ್ಗಮನ ಬೇಕೆಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಆಮೇಲೆ ಶಿಫಾರಸು ಮಾಡಿತು. ಹತ್ತುವವರು ತಿಳಿದಿರಬೇಕಾದ ಸೂತ್ರ ಗಿಡ್ಡದು: ಮೊದಲು ಒಂದು ಕೈಯಿಂದ ಬಾಗಿಲ ಹಿಡಿ ಹಿಡಿಯಿರಿ, ಆಮೇಲೆ ಬೆಲ್ಟ್ ಬಿಚ್ಚಿ, ಲೈಫ್ ಜಾಕೆಟ್ಟಿಗೆ ಗಾಳಿ ತುಂಬುವುದು ಹೊರಬಂದ ಮೇಲೆಯೇ. ಒಳಗೇ ತುಂಬಿಕೊಂಡರೆ ಅದು ನಿಮ್ಮನ್ನು ತಲೆಕೆಳಗಾದ ಕ್ಯಾಬಿನ್ನಿನ ನೆಲಕ್ಕೆ ಒತ್ತಿ ಹಿಡಿಯುತ್ತದೆ.