ಷರಾಯಿಪ್ರಮಾಣ ಮೀಮಾಂಸೆ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ನೆನೆಯುವುದು ಶಿಷ್ಟಾಚಾರವಾದುದರಿಂದ, ಕಳೆದ 22 ವರ್ಷಗಳಿಂದ ನನ್ನ ಭಾರವನ್ನು ಚಕಾರವೆತ್ತದೆ ಹೊತ್ತಿರುವ, ಎರಡು ಬಾರಿ ಬೆತ್ತ ಹೆಣೆಸಿಕೊಂಡರೂ ನನ್ನನ್ನು ಕೆಳಗೆ ಕೆಡವದ, ಕಾಲುಗಳಿಗಿಂತ ಕೈಗಳೇ ಉದ್ದವಾಗಿರುವ ನಮ್ಮ ನಡುಮನೆಯ ಆರಾಮ ಕುರ್ಚಿಗೆ ಮೊದಲು ವಂದಿಸಿ, ಅದರಲ್ಲಿ ಕುಳಿತೇ ಈ ಪ್ರಬಂಧವನ್ನು ಆರಂಭಿಸುತ್ತೇನೆ. ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯವು ಅವಶ್ಯವೆಂದು ಪ್ರಾಚೀನರು ವಿಧಿಸಿದ್ದಾರೆ. ಇಲ್ಲಿ ವಿಷಯವೆಂದರೆ ದೇಹದ ಚಲನೆಗೂ ಮುಪ್ಪಿಗೂ ರೋಗಕ್ಕೂ ಇರುವ ನಂಟು. ಪ್ರಯೋಜನವೆಂದರೆ, ಆ ನಂಟನ್ನು ಚೆನ್ನಾಗಿ ಬಲ್ಲವರಾಗಿಯೂ ಅಲುಗಾಡದಿರುವವರಿಗೆ ಒಂದಿಷ್ಟು ಶಾಸ್ತ್ರಾಧಾರ. ಸಂಬಂಧವು ಎಲ್ಲ ಗ್ರಂಥಗಳಲ್ಲಿ ಇರುವಂಥದೇ ಆದುದರಿಂದ ಅದನ್ನು ವಿವರಿಸುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಇನ್ನು ಅಧಿಕಾರಿ ಯಾರೆಂದರೆ, 68 ದಾಟಿದವನೂ, ವೈದ್ಯರಿಂದ ‘ದಿನಾ ಸ್ವಲ್ಪ ನಡೆದಾಡಿ’ ಎಂದು ಮೂರು ಬಾರಿ ಹೇಳಿಸಿಕೊಂಡವನೂ, ಮೂರು ಬಾರಿಯೂ ‘ಆಗಲಿ’ ಎಂದು ಆಟೋರಿಕ್ಷಾದಲ್ಲಿ ಮನೆಗೆ ಬಂದವನೂ ಆದ ಗೃಹಸ್ಥ.

ಈ ಶಾಸ್ತ್ರದ ಮೂಲವನ್ನು ಅರಸಿಕೊಂಡು ಹೋದವರಿಗೆ ದಾರಿಯಲ್ಲಿ ಸಿಕ್ಕುವವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. 1700ರಲ್ಲಿ ಮೊಡೆನಾ ಪಟ್ಟಣದಲ್ಲಿ ಅಚ್ಚಾದ ಆತನ ಲ್ಯಾಟಿನ್ ಗ್ರಂಥವು ಒಂದೊಂದು ಕಸುಬಿನವರಿಗೂ ಬರುವ ಒಂದೊಂದು ಬಗೆಯ ರೋಗವನ್ನು ವಿಚಾರಿಸುತ್ತದೆ. ಕುಳಿತೇ ದುಡಿಯುವ ದರ್ಜಿಗಳು ಬೆನ್ನು ಬಾಗಿ ಕಾಲೆಳೆಯುತ್ತ ನಡೆಯುವುದನ್ನು ಕಂಡು, ಇಂಥವರು ಹಬ್ಬಹರಿದಿನಗಳಲ್ಲಾದರೂ ಮೈಯನ್ನು ದಂಡಿಸಲಿ ಎಂದು ಆತ ಉಪದೇಶಿಸಿದ್ದಾನೆ. ಆದರೆ ಅದೇ ಮಹಾಶಯನು ಓಡುವುದನ್ನೇ ಕಸುಬಾಗಿಸಿಕೊಂಡ ಆಳುಗಳಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅವರಿಗೆ ಬರುವ ವ್ಯಾಧಿಗಳನ್ನೂ ಮರೆಯದೆ ಹೇಳಿದ್ದಾನೆ. ದರ್ಜಿಗಳ ಅಧ್ಯಾಯವನ್ನು ನಾನು ಒಮ್ಮೆ ಓದಿದೆ. ಓಟಗಾರರ ಅಧ್ಯಾಯವನ್ನು ಮೂರು ಬಾರಿ ಓದಿದೆ. ವಿದ್ವಾಂಸನಾದವನು ತನಗೆ ಪ್ರಿಯವಾದ ಆಧಾರವನ್ನು ಹೆಚ್ಚು ಸಲ ಓದುವುದು ದೋಷವಲ್ಲ. ಪಾಂಡಿತ್ಯವೆಂಬುದು ಬಹುಮಟ್ಟಿಗೆ ಅದೇ.

ಶಾಸ್ತ್ರವು ನಿಜವಾಗಿ ಕಣ್ಣು ಬಿಟ್ಟದ್ದು ಎರಡನೆಯ ಮಹಾಯುದ್ಧದ ತರುವಾಯ, ಲಂಡನ್ನಿನಲ್ಲಿ, ಕೆಂಪು ಬಣ್ಣದ ಎರಡು ಮಹಡಿಯ ಬಸ್ಸುಗಳ ಒಳಗೆ. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಹೆಚ್ಚುಹೆಚ್ಚಾಗಿ ಕುಸಿಯತೊಡಗಿದ್ದ ಆ ಕಾಲದಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆಗಳನ್ನು ಶೋಧಿಸಿದರು. ಒಂದೇ ಬಸ್ಸು, ಒಂದೇ ಹೊಗೆ, ಒಂದೇ ಮಂಜು, ಹೆಚ್ಚುಕಡಮೆ ಒಂದೇ ವರ್ಗದ ಸಂಸಾರ. ಆದರೂ ಚಾಲಕನಿಗೊಂದು ಹಣೆಬರಹ, ನಿರ್ವಾಹಕನಿಗೊಂದು ಹಣೆಬರಹ. ನಿರ್ವಾಹಕರಲ್ಲಿ ಹೃದ್ರೋಗ ಕಡಮೆ. ಬಂದರೂ ತಡವಾಗಿ ಬರುತ್ತಿತ್ತು. ಬಂದಾಗಲೂ ಚಾಲಕರನ್ನು ಕೊಂಡೊಯ್ದಷ್ಟು ತ್ವರೆಯಿಂದ ಅವರನ್ನು ಕೊಂಡೊಯ್ಯುತ್ತಿರಲಿಲ್ಲ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಕಾರಣವೆಂದು ಸೂಚಿತವಾದದ್ದು ಬಸ್ಸಿನ ಮೆಟ್ಟಿಲು. ನಿರ್ವಾಹಕನು ಟಿಕೆಟು ಹರಿಯುವುದಕ್ಕಾಗಿ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಚಾಲಕನಾದರೋ ಕೆಲಸದ ಹೊತ್ತಿನ ನೂರಕ್ಕೆ 90 ಭಾಗವನ್ನು ಪೀಠಾಸೀನನಾಗಿಯೇ ಕಳೆಯುತ್ತಿದ್ದನು.

ಮೆಟ್ಟಿಲುಗಳ ಈ ಸಂಖ್ಯೆ ದೊರೆತದ್ದು ಹೇಗೆಂಬುದನ್ನು ಇತರ ಭಾಷ್ಯಕಾರರು ಅವಸರದಲ್ಲಿ ದಾಟಿಹೋಗಿದ್ದಾರೆ. ನಾನು ಇಲ್ಲಿ ತಂಗುತ್ತೇನೆ. ಸಂಶೋಧಕರು ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತು, ನಿರ್ವಾಹಕನು ಹತ್ತುವುದನ್ನೂ ಇಳಿಯುವುದನ್ನೂ ನೋಡಿ ಎಣಿಸಿದರು. ಕುಳಿತು ಎಣಿಸಿದರು ಎಂಬ ಪದಗಳಿಗೆ ವಾಚಕರು ಅಡಿಗೆರೆ ಎಳೆಯಬೇಕು. ಆಸನವು ಅನಿಷ್ಟವೆಂಬ ಸಿದ್ಧಾಂತವು ಆಸನದ ಮೇಲೆಯೇ ಹುಟ್ಟಿತು. ನಡೆಯುವವನಿಗೆ ನಡಗೆಯ ಮಹಿಮೆಯನ್ನು ಎಣಿಸಲು ಬಿಡುವಿಲ್ಲ. ಆದುದರಿಂದ ಜ್ಞಾನಕಾಂಡಕ್ಕೆ ಕುಳಿತವನೂ ಕರ್ಮಕಾಂಡಕ್ಕೆ ನಡೆಯುವವನೂ ಅಧಿಕಾರಿಗಳೆಂದು ಸಿದ್ಧವಾಯಿತು. ಈ ವಿಭಾಗವು ನಮ್ಮ ಮನೆಯಲ್ಲಿ ಮದುವೆಯಾದಂದಿನಿಂದಲೂ ಜಾರಿಯಲ್ಲಿದೆ.

ಪೂರ್ವಪಕ್ಷಿಯು ಇಲ್ಲಿ ಏಳುತ್ತಾನೆ. ಚಾಲಕನ ಎದೆ ಒಡೆದದ್ದು ಕುಳಿತಿದ್ದರಿಂದಲೋ, ಲಂಡನ್ನಿನ ಬೀದಿಗಳಲ್ಲಿ ವಾಹನಗಳ ನಡುವೆ ತೂರಿಕೊಂಡು ಹೋಗುವ ಆತಂಕದಿಂದಲೋ ಎಂದು ಅವನ ಮೊದಲ ಆಕ್ಷೇಪ. ಇದಕ್ಕೆ ಮಾರಿಸರು ಅಂಚೆ ಇಲಾಖೆಯನ್ನು ಮುಂದೆ ಮಾಡಿದರು: ಕಾಲ್ನಡಗೆಯಲ್ಲಿಯೂ ಸೈಕಲ್ಲಿನಲ್ಲಿಯೂ ಕಾಗದ ಹಂಚುವ ಅಂಚೆಯವರಿಗಿಂತ, ಅದೇ ಇಲಾಖೆಯಲ್ಲಿ ಮೇಜಿಗೆ ಅಂಟಿಕೊಂಡ ಗುಮಾಸ್ತರಿಗೆ ಹೃದ್ರೋಗ ಹೆಚ್ಚಾಗಿತ್ತು, ಗುಮಾಸ್ತನ ಮೇಜಿಗೆ ಎದುರಿನಿಂದ ಲಾರಿ ಬರುವುದಿಲ್ಲವಷ್ಟೆ. ಎರಡನೆಯ ಆಕ್ಷೇಪವು ಹೆಚ್ಚು ಹರಿತವಾದದ್ದು. ಕುಳಿತದ್ದರಿಂದ ಮೈ ಬಂತೆ, ಮೈ ಬಂದವನೇ ಕುಳಿತುಕೊಳ್ಳುವ ಕೆಲಸವನ್ನು ಹುಡುಕಿಕೊಂಡು ಬಂದನೆ? ಬೀಜ ಮೊದಲೋ ಅಂಕುರ ಮೊದಲೋ? ಈ ತೊಡಕನ್ನು ಬಿಡಿಸುವಲ್ಲಿ ನಮ್ಮ ಶಾಸ್ತ್ರಕ್ಕೆ ಒಂದು ಹೊಸ ಪ್ರಮಾಣವು ಲಭಿಸಿತು. ಅದೇ ಈ ಪ್ರಬಂಧದ ಹೃದಯ.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಭಾಟ್ಟ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರು ಮಾಡಿದರು. ಅರ್ಥಾಪತ್ತಿಗೆ ಅವರು ಕೊಡುವ ಉದಾಹರಣೆ ಪಾಠಶಾಲೆಯ ಮಕ್ಕಳಿಗೂ ಗೊತ್ತು: ದೇವದತ್ತನು ದಪ್ಪಗಿದ್ದಾನೆ, ಹಗಲು ಉಣ್ಣುವುದನ್ನು ಯಾರೂ ಕಂಡಿಲ್ಲ, ಆದುದರಿಂದ ರಾತ್ರಿ ಉಣ್ಣುತ್ತಾನೆ. ಇಷ್ಟು ಶತಮಾನಗಳಿಂದ ಈ ಬಡಪಾಯಿಯ ಊಟದ ವೇಳೆಯನ್ನು ವಿಚಾರಿಸಿದ ಪಂಡಿತರಲ್ಲಿ ಒಬ್ಬರಾದರೂ ಅವನ ಉದ್ಯೋಗವೇನೆಂದು ಕೇಳಲಿಲ್ಲ, ಅವನ ಸೊಂಟಕ್ಕೆ ಟೇಪು ಹಿಡಿಯಲಿಲ್ಲ. ಆ ಕೊರತೆಯನ್ನು 1956ರಲ್ಲಿ ಮಾರಿಸರೂ ಅವರ ಸಂಗಡಿಗರೂ ತುಂಬಿದರು. ಸಾರಿಗೆ ಸಂಸ್ಥೆಯು ನೌಕರರಿಗೆ ಸಮವಸ್ತ್ರವನ್ನು ಒದಗಿಸುತ್ತಿದ್ದುದರಿಂದ, ಪ್ರತಿಯೊಬ್ಬನ ಷರಾಯಿಯ ಸೊಂಟದ ಅಳತೆಯೂ ಲೆಕ್ಕದ ಪುಸ್ತಕದಲ್ಲಿತ್ತು. ಅದನ್ನು ತೆರೆದು ನೋಡಿದರೆ, ಚಾಲಕರ ಸೊಂಟವು ನಿರ್ವಾಹಕರ ಸೊಂಟಕ್ಕಿಂತ ದೊಡ್ಡದು. ಅಷ್ಟೇ ಅಲ್ಲ, ಇನ್ನೂ ಪ್ರಾಯದ ಹುಡುಗರಲ್ಲಿಯೇ ದೊಡ್ಡದು. ‘ಸಮವಸ್ತ್ರಗಳ ಸಾಂಕ್ರಾಮಿಕ ರೋಗಶಾಸ್ತ್ರ’ ಎಂಬರ್ಥದ ಉಪಶೀರ್ಷಿಕೆಯನ್ನೇ ಆ ಲೇಖನಕ್ಕೆ ಕೊಟ್ಟರು. ಇದು ನನ್ನ ಕುಚೋದ್ಯವಲ್ಲ. ಗಂಭೀರ ವೈದ್ಯ ಪತ್ರಿಕೆಯಲ್ಲಿ ಅಚ್ಚಾದ ಹೆಸರು. ಅಣಕು ಬರೆಯಲು ಹೊರಟವನಿಗಿಂತ ಮೊದಲೇ ಶಾಸ್ತ್ರವು ತನ್ನನ್ನು ತಾನೇ ಅಣಕಿಸಿಕೊಂಡುಬಿಟ್ಟರೆ ನನ್ನಂಥವನು ಮಾಡುವುದೇನು?

ಪ್ರಮಾಣವೆಂದರೆ ಜ್ಞಾನಸಾಧನವೂ ಹೌದು, ಅಳತೆಯೂ ಹೌದು. ಈ ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿರುವುದು ಷರಾಯಿಯಲ್ಲಿ ಮಾತ್ರ. ಆದಕಾರಣ ಏಳನೆಯ ಪ್ರಮಾಣವಾಗಿ ಷರಾಯಿಯನ್ನು ಅಂಗೀಕರಿಸಬೇಕೆಂದು ನಾನು ಪ್ರತಿಪಾದಿಸುತ್ತೇನೆ. ಇದು ಪ್ರತ್ಯಕ್ಷಕ್ಕಿಂತ ಬಲವತ್ತರವಾದದ್ದು, ಏಕೆಂದರೆ ಕನ್ನಡಿಯ ಮುಂದೆ ಮನುಷ್ಯನು ಉಸಿರು ಬಿಗಿಹಿಡಿದು ನಿಲ್ಲಬಲ್ಲನು. ಊಟವಾದ ಮೇಲೆ ಷರಾಯಿಯ ಗುಂಡಿಯ ಮುಂದೆ ನಿಲ್ಲಲಾರನು. ಶಬ್ದಪ್ರಮಾಣಕ್ಕಿಂತಲೂ ಬಲವತ್ತರ, ಏಕೆಂದರೆ ನೆಂಟರು ‘ನೀವು ಹಾಗೇ ಇದ್ದೀರಿ’ ಎಂದು ಸುಳ್ಳಾಡಬಹುದು. ಪಂಚೆಯುಟ್ಟ ನಮ್ಮ ಪೂರ್ವಿಕರಿಗೆ ಈ ಪ್ರಮಾಣವು ಹೊಳೆಯದೇ ಹೋದದ್ದು ಆಶ್ಚರ್ಯವಲ್ಲ. ಪಂಚೆ ಯಾರ ಗುಟ್ಟನ್ನೂ ಹೊರಗೆ ಹಾಕುವುದಿಲ್ಲ.

ಷರಾಯಿಯು ಬೀಜಾಂಕುರದ ತೊಡಕನ್ನು ಬಿಡಿಸಿತೆ ಎಂದರೆ, ಮೊದಲು ಇನ್ನಷ್ಟು ಬಿಗಿಮಾಡಿತು. ಚಾಲಕರು ಬರುವಾಗಲೇ ದಪ್ಪಗಿದ್ದರೆ ಮೆಟ್ಟಿಲಿನ ಮಹಿಮೆ ಎಲ್ಲಿ ಉಳಿಯಿತು? ಆದರೆ ಮುಂದಿನ ಪರಿಶೀಲನೆಯಲ್ಲಿ ತೆಳ್ಳನೆಯವರು, ಮಧ್ಯಮರು, ಸ್ಥೂಲರು ಎಂದು ವಿಂಗಡಿಸಿ ನೋಡಿದಾಗ, ಪ್ರತಿಯೊಂದು ಗುಂಪಿನಲ್ಲಿಯೂ ನಿರ್ವಾಹಕನೇ ಹೆಚ್ಚು ಕ್ಷೇಮವಾಗಿದ್ದನು. ದಪ್ಪ ದೇವದತ್ತನೂ ಮೆಟ್ಟಿಲು ಹತ್ತಿದರೆ ತೆಳ್ಳನೆಯ ಯಜ್ಞದತ್ತನಂತೆಯೇ ಲಾಭ ಪಡೆಯುತ್ತಾನೆಂದಾಯಿತು. ಇಲ್ಲಿ ನನ್ನ ಪಕ್ಷಕ್ಕೆ ಸ್ವಲ್ಪ ಪೆಟ್ಟು ಬಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಪಾಶ್ಚಾತ್ಯರು ಕೈಬಿಟ್ಟಾಗ ಸ್ವದೇಶದ ಶಾಸ್ತ್ರಗಳನ್ನು ಮೊರೆಹೋಗುವುದು ನಮ್ಮ ವಿದ್ವಾಂಸರ ರೂಢಿ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ವ್ಯಾಯಾಮವನ್ನು ವಿಧಿಸುತ್ತ, ಬಲವುಳ್ಳವರೂ ಜಿಡ್ಡಿನ ಊಟ ಮಾಡುವವರೂ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಿಂದ ಅದನ್ನು ಆಚರಿಸಬೇಕೆಂದೂ, ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿ ಆಚರಿಸಬೇಕೆಂದೂ ಹೇಳುತ್ತಾನೆ. ಇದರಲ್ಲಿ ಜಿಡ್ಡಿನ ಊಟದ ಭಾಗವನ್ನು ನಾನು ಬಾಲ್ಯದಿಂದಲೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ; ಬಲವು ಬರುವುದನ್ನು ಕಾಯುತ್ತಿದ್ದೇನೆ. ಅರ್ಧಶಕ್ತಿಯೆಂಬುದಕ್ಕೂ ನನ್ನದೊಂದು ವ್ಯಾಖ್ಯಾನವುಂಟು. ಇರುವ ಶಕ್ತಿಯಲ್ಲಿ ಅರ್ಧ ಎಂದರೆ, ಏಳಬೇಕೆಂಬ ಸಂಕಲ್ಪದಲ್ಲಿಯೇ ಅರ್ಧ ವ್ಯಯವಾಗುತ್ತದೆ. ಉಳಿದರ್ಧವನ್ನು ಶಾಸ್ತ್ರವು ಮುಟ್ಟಕೂಡದೆಂದು ನಿಷೇಧಿಸಿದೆ. ಆದುದರಿಂದ ಸಂಕಲ್ಪಿಸಿ ಕುಳಿತವನು ವಿಧಿಯನ್ನು ಪೂರ್ಣವಾಗಿ ನಡೆಸಿದಂತಾಯಿತು. ಅರ್ಧಶಕ್ತಿ ವ್ಯಯವಾದುದಕ್ಕೆ ಗುರುತಾಗಿ ಹಣೆಯಲ್ಲಿ ಬೆವರು ಬರಬೇಕೆಂಬ ಲಕ್ಷಣವನ್ನು ನಮ್ಮ ಏಪ್ರಿಲ್ ತಿಂಗಳು ತಾನಾಗಿಯೇ ಒದಗಿಸಿಕೊಡುತ್ತದೆ.

ಮತ್ತೆ ವಿದೇಶಕ್ಕೆ ಹೋದರೆ, 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳಗೊಡದೆ ಮಲಗಿಸಿದ ಪ್ರಯೋಗವು ಕಾಣುತ್ತದೆ. ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ದೇಹಶಕ್ತಿ ಆ ಮೂರು ವಾರಗಳಲ್ಲಿ ಕುಸಿಯಿತು. ಅದೇ ಐವರನ್ನು 30 ವರ್ಷಗಳಾದ ಮೇಲೆ ಹಿಡಿದು ತಂದು ಅಳೆದಾಗ, 30 ವರ್ಷಗಳ ಮುಪ್ಪು ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಿನದಾಗಿತ್ತು. ಇದನ್ನು ಓದಿ ಅನ್ಯರು ಬೆಚ್ಚಿಬಿದ್ದರು, ನಾನು ಹಿಗ್ಗಿದೆ. ಅನಿಷ್ಟವಾದದ್ದು ಮಲಗುವುದು, ನಾನು ಮಲಗುವವನಲ್ಲ, ಕುಳಿತುಕೊಳ್ಳುವವನು. ಮಲಗುವವನಿಗೆ ಹೋಲಿಸಿದರೆ ಕುಳಿತವನು ಪರಾಕ್ರಮಿಯೇ ಸರಿ.

ಬಾಸ್ಟನ್ನಿನ ಆಧಾರವು ಇನ್ನೂ ಹಿತವಾದದ್ದು. 1990ರಲ್ಲಿ ಪ್ರಕಟವಾದ ಆ ವರದಿಯಂತೆ, ಸರಾಸರಿ 90 ವರ್ಷ ವಯಸ್ಸಿನ ಹತ್ತು ಮಂದಿ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ಸಾಧನೆ ಮಾಡಿಸಿದರು. ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಏರಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಇದರಿಂದ ಸಿದ್ಧವಾಗುವುದೇನೆಂದರೆ, 90ರಲ್ಲಿ ತೊಡಗಿದರೂ ಫಲವುಂಟು. ಹಾಗಾದ ಮೇಲೆ 68ರಲ್ಲಿ ತ್ವರೆಪಡುವುದು ಅಕಾಲಪ್ರಸವಕ್ಕೆ ಸಮಾನ. ನನಗೆ ಇನ್ನೂ 22 ವರ್ಷಗಳ ಗಡುವಿದೆ.

ದಿನಕ್ಕೆ 10,000 ಹೆಜ್ಜೆ ಎಂದು ಮೊಮ್ಮಕ್ಕಳು ಕೈಗಡಿಯಾರ ತೋರಿಸಿ ಹೆದರಿಸುವುದುಂಟು. ಈ ಸಂಖ್ಯೆಯು ಹೊರಟದ್ದು ಆಸ್ಪತ್ರೆಯಿಂದಲ್ಲ, ಅಂಗಡಿಯಿಂದ. ಟೋಕಿಯೋದ ಒಲಿಂಪಿಕ್ಸ್ ಮುಗಿದ ಮರುವರ್ಷ, ಎಂದರೆ 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಮಾನ್ಪೊಕೇ’, ಹತ್ತುಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟರು. ಅವರ ಲಿಪಿಯಲ್ಲಿ ಹತ್ತುಸಾವಿರವನ್ನು ಸೂಚಿಸುವ ಅಕ್ಷರವು ಹೆಜ್ಜೆ ಹಾಕುವ ಮನುಷ್ಯನಂತೆ ಕಾಣುತ್ತದೆನ್ನುತ್ತಾರೆ. ಲಿಪಿಯೇ ಪ್ರಮಾಣವಾದರೆ ನಮ್ಮ ‘ಠ’ಕಾರವನ್ನು ನೋಡಿ: ಹೊಟ್ಟೆಯನ್ನು ದುಂಡಗೆ ಮುಂದಿಟ್ಟು, ನಡುವೆ ನಾಭಿಯನ್ನು ಪ್ರಕಟಿಸಿ, ಕದಲದೆ ಕುಳಿತಿದೆ. ಕನ್ನಡಿಗನ ಆರೋಗ್ಯಸೂತ್ರವನ್ನು ಅದರಿಂದಲೇ ಏಕೆ ಹೊರಡಿಸಬಾರದು? 2019ರಲ್ಲಿ ಅಮೆರಿಕದ ವೃದ್ಧೆಯರ ಹೆಜ್ಜೆಗಳನ್ನು ಎಣಿಸಿದವರು ಸುಮಾರು 7,500ರ ಆಚೆಗೆ ವಿಶೇಷ ಲಾಭ ಕಾಣಲಿಲ್ಲವೆಂದು ಹೇಳಿದಾಗ ನಾನು ಕುಳಿತಲ್ಲಿಯೇ 2,500 ಹೆಜ್ಜೆಗಳನ್ನು ಸಂಪಾದಿಸಿದೆ. ಆದರೆ 4,400 ಹೆಜ್ಜೆಯ ಮುದುಕಿಯರೇ 2,700ರವರಿಗಿಂತ ಬಹಳ ಕಡಮೆ ಸತ್ತರೆಂಬ ಅದೇ ಲೇಖನದ ಮಾತನ್ನು ನಮ್ಮಾಕೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು.

ಮಾರಿಸರನ್ನು ಇಷ್ಟಕ್ಕೆ ಬಿಡುವಂತಿಲ್ಲ. ಮುಂದೆ ಅವರು ಸರಕಾರಿ ಅಧಿಕಾರಿಗಳನ್ನು ಹಿಡಿದರು. 40 ದಾಟಿದ ಸುಮಾರು 17,000 ಮಂದಿಯಿಂದ, ಹಿಂದಿನ ಶುಕ್ರವಾರ ಶನಿವಾರಗಳಲ್ಲಿ ಏನೇನು ಮಾಡಿದಿರೆಂದು ಐದೈದು ನಿಮಿಷದ ಲೆಕ್ಕವನ್ನು ಸೋಮವಾರ ಬೆಳಿಗ್ಗೆ ಬರೆಯಿಸಿದರು. ಸರಕಾರಿ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಇಷ್ಟು ಕೆಲಸ ನಡೆದದ್ದೇ ಒಂದು ಆವಿಷ್ಕಾರ. ಬಿಡುವಿನಲ್ಲಿ ಬಿರುಸಾಗಿ ಮೈ ದಣಿಸುತ್ತಿದ್ದವರಿಗೆ ಹೃದ್ರೋಗದ ಭಯವು ಉಳಿದವರ ಮೂರನೆಯ ಒಂದು ಪಾಲಷ್ಟೇ ಎಂದು 1973ರಲ್ಲಿ ತಿಳಿಯಬಂತು. ತಮ್ಮ ಸಿದ್ಧಾಂತವನ್ನು ತಾವೇ ನಂಬುವ ವಿಲಕ್ಷಣ ಸ್ವಭಾವ ಆ ಮಹನೀಯರಿಗೆ ಇತ್ತೆಂದು ತೋರುತ್ತದೆ: ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ, ಯಾರೂ ಹಾಗೆ ಓಡದಿದ್ದ ಕಾಲದಲ್ಲಿ, ಕೋಟು ಕಳಚಿ ಓಡುತ್ತಿದ್ದರು, ನೋಡಿದವರು ಇವರಿಗೆ ತಲೆ ಕೆಟ್ಟಿದೆಯೆಂದುಕೊಂಡರು. 1910ರಲ್ಲಿ ಹುಟ್ಟಿ 2009ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂದೇ ಒಂದು ದೃಷ್ಟಾಂತದಿಂದ ಸಿದ್ಧಾಂತ ಹುಟ್ಟುವುದಿಲ್ಲವೆಂದು ತರ್ಕಶಾಸ್ತ್ರವು ಹೇಳುತ್ತದೆ. ನಾನೂ ಅದನ್ನೇ ಹೇಳಿಕೊಂಡೆ.

ಸ್ವಾನುಭವವಿಲ್ಲದ ಸಂಶೋಧನೆ ಬರಿದಾದ್ದರಿಂದ ನಾನೂ ಒಂದು ಪರಿಶೀಲನೆಯನ್ನು ಕೈಗೊಂಡೆ. ನಮ್ಮ ಮನೆಯಿಂದ ತಾರಸಿಗೆ 19 ಮೆಟ್ಟಿಲು. ಬಟ್ಟೆ ಒಣಹಾಕಲು, ಸಂಡಿಗೆ ಇಡಲು, ಕಾಗೆ ಓಡಿಸಲು, ಮೋಡ ಕವಿದರೆ ಎಲ್ಲವನ್ನೂ ಬಾಚಿ ತರಲು ನಮ್ಮಾಕೆ ದಿನಕ್ಕೆ ಏಳು ಬಾರಿ ಹತ್ತಿ ಇಳಿಯುವುದನ್ನು ಮಾರಿಸರ ಸಂಪ್ರದಾಯದಂತೆ ಕುಳಿತು ಎಣಿಸಿದೆ. ಒಟ್ಟು 266 ಆಯಿತು. ಸಂತೋಷದಿಂದ ಅವಳಿಗೆ ತಿಳಿಸಿದೆ. “ಏನೂಂದ್ರೆ, ಎಣಿಸ್ತಾ ಕೂರೋ ಬದಲು ಈ ಬಕೆಟ್ಟನ್ನಾದರೂ ಮೇಲಕ್ಕೆ ತರಬಾರದೆ?” ಎಂದಳು. ವೀಕ್ಷಕನು ವೀಕ್ಷ್ಯದಲ್ಲಿ ಹಸ್ತಕ್ಷೇಪ ಮಾಡಿದರೆ ಫಲಿತಾಂಶ ಕೆಡುತ್ತದೆಂದು ಎಷ್ಟು ಹೇಳಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಷರಾಯಿ. ಮೊನ್ನೆ ಮದುವೆಯೊಂದಕ್ಕೆ ಹೋಗಲೆಂದು ಪೆಟ್ಟಿಗೆಯಿಂದ ತೆಗೆದ ಷರಾಯಿಯು ಏಳನೆಯ ಪ್ರಮಾಣದ ಪ್ರಾಬಲ್ಯವನ್ನು ನನ್ನ ಮೇಲೆಯೇ ಸ್ಥಾಪಿಸಿದ್ದರಿಂದ, ಸೊಂಟ ಬಿಡಿಸಿಕೊಂಡು ಬರಲು ಹಳೆಯ ದರ್ಜಿಯವರಲ್ಲಿಗೆ ಹೋದೆ. ರಸ್ತೆ ಅಗಲ ಮಾಡಿದಾಗ ಅವರ ಅಂಗಡಿ ಎರಡನೆಯ ಮಹಡಿಗೆ ಹೋಗಿತ್ತು. ಕೆಳಗೆ ನಿಂತು ಕೂಗಿದೆ. 76 ವರ್ಷದ ಆತ ಕೊರಳಲ್ಲಿ ಟೇಪು ಹಾಕಿಕೊಂಡೇ ದಡದಡನೆ ಇಳಿದು ಬಂದರು, ಅಳತೆ ಹಿಡಿದರು, ಗುರುತು ಹಾಕಲು ಸೀಮೆಸುಣ್ಣ ಮರೆತಿದ್ದರಿಂದ ಮತ್ತೆ ಹತ್ತಿ ಇಳಿದರು, ಹಳೆಯ ಅಳತೆಯ ಪುಸ್ತಕ ನೋಡಿ ಬರುತ್ತೇನೆಂದು ಇನ್ನೊಮ್ಮೆ ಹತ್ತಿ ಇಳಿದರು. ರಾಮಜ್ಜಿನಿಯ ದರ್ಜಿಗಳ ಬಾಗಿದ ಬೆನ್ನಾಗಲಿ ಎಳೆಯುವ ಕಾಲಾಗಲಿ ಎಲ್ಲಿಯೂ ಕಾಣಲಿಲ್ಲ.

“ಮೇಷ್ಟ್ರೇ, ಮೊದಲು 36 ಇತ್ತು. ಈಗ 40. ಒಳಗೆ ಬಿಡೋಕೆ ಬಟ್ಟೇನೇ ಇಲ್ಲ, ಹೋದಸಲವೇ ಪೂರ್ತಿ ಬಿಟ್ಟಾಯ್ತು,” ಎಂದರು. ಅಷ್ಟರಲ್ಲಿ ನಾನು ಪಕ್ಕದ ಜಗಲಿಯ ಮೇಲೆ ಕುಳಿತು ಜೇಬಿನ ಪುಸ್ತಕ ತೆಗೆದಿದ್ದೆ. 38 ಮೆಟ್ಟಿಲು, ಹತ್ತಿದ್ದು ಎರಡು ಸಲ, ಇಳಿದದ್ದು ಮೂರು ಸಲ, ಒಟ್ಟು 190.

“ಏನು ಬರ್ಕೊಳ್ತಾ ಇದ್ದೀರಿ ಮೇಷ್ಟ್ರೇ?”

“ನಿಮ್ಮ ಅಳತೆ,” ಎಂದೆ.